ಹದಿನಾಲ್ಕನೇ ಪ್ರಶ್ನೆ

"ದುಃಖವೋ, ಭಯವೋ, ಕೋಪವೋ ಅಂತ ನಿಮಗೇ ತಿಳಿಯದೆ ಹೋಗುತ್ತಾ ಅಮ್ಮಾ?" ಆಶ್ರಿತಾ ಹದಿನಾಲ್ಕನೇ ಪ್ರಶ್ನೆ ಕೇಳಿದಳು. ತಮ್ಮ ಭಾವನೆಯನ್ನು ತಾವೇ ಗುರುತಿಸಲಾಗದ ಕಷ್ಟವನ್ನು ಅಳೆಯುವುದು ಅವಳ ಸಂಶೋಧನೆ. ಅದಕ್ಕೆಂದೇ ಮೈಸೂರಿನಿಂದ ಗಂಡಸಿ ಎಂಬ ಊರಿಗೆ ಬಂದಿದ್ದಳು.

ಜಗಲಿಯಲ್ಲಿ ಕೂತಿದ್ದ ಪುಟ್ಟಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಏನೂ ಗೊತ್ತಾಗಕಿಲ್ಲ ಕಣವ್ವ, ಎದೆ ಭಾರ ಐತೆ ಅಷ್ಟೆ" ಅಂದರು. ಅಂಥ ಉತ್ತರಕ್ಕೇ ಕಾದಿದ್ದ ಆಶ್ರಿತಾ ಖುಷಿಯಿಂದ ಐದಕ್ಕೆ ಐದು ಅಂಕ ಹಾಕಿ, ಪಕ್ಕದಲ್ಲಿ 'ಮುಖದಲ್ಲಿ ಯಾವ ಭಾವವೂ ಇಲ್ಲ' ಎಂದು ಬರೆದುಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯಾತ ಗುದ್ದಲಿ ಹಿಡಿದು ಬಂದ. "ಗೌರಕ್ಕ, ತೋಟದಲ್ಲಿ ಗುಂಡಿ ತೆಗೆದಾಯ್ತು. ಹಸೂನ ಮಣ್ಣು ಮಾಡ್ತೀವಿ, ಒಂದ್ಸಲ ಮುಖ ನೋಡ್ಬಾ."

"ಹಸು ಸತ್ತುಹೋಯ್ತಾ? ಯಾವಾಗಮ್ಮಾ?" ಆಶ್ರಿತಾ ಗಾಬರಿಯಾಗಿ ಕೇಳಿದಳು.

"ಬೆಳಗ್ಗೆ ಕಣವ್ವ. ಹನ್ನೊಂದು ವರ್ಷ ಸಾಕಿದ್ದೆ. ನೀನು ಅಷ್ಟು ದೂರದಿಂದ ಬಂದಿದ್ದೀಯ, ಸುಮ್ನೆ ವಾಪಸ್ ಕಳಿಸಬಾರದು ಅಂತ ಕೂತ್ಕಂಡೆ. ಇನ್ನೆಷ್ಟು ಐತೆ? ಬೇಗ ಕೇಳ್ಬಿಡು."

ಇನ್ನೂ ಆರು ಪ್ರಶ್ನೆಗಳಿದ್ದವು. ಮುಕ್ಕಾಲು ಗಂಟೆ ಆ ಮುಖದ ಎದುರೇ ಕೂತಿದ್ದ ಆಶ್ರಿತಾಗೆ ಈಗ ತಲೆ ಎತ್ತಲಾಗಲಿಲ್ಲ. ತಾನು ಬರೆದ ಸಾಲಿನ ಮೇಲೆ ಅಂಗೈ ಮುಚ್ಚಿ, "ಮುಗೀತಮ್ಮಾ" ಅಂದಳು.