ಎರಡನೆಯ ಇಂಜೆಕ್ಷನ್

ಹರಳೆಣ್ಣೆ ಹಚ್ಚಿದ ಎಳೆಗೂಸಿನ ನೆತ್ತಿಯ ವಾಸನೆ ನನಗೆ ಬಾಲ್ಯದಿಂದಲೂ ಗೊತ್ತು. ಆಗ ತಾಯಂದಿರಿಗೆ ಮಮತೆ ತಾನಾಗಿಯೇ ಹುಟ್ಟುತ್ತಿತ್ತು. ಈಗ ಹೆರಿಗೆ ನೋವು ಶುರುವಾದೊಡನೆ ಮಮತೆ ಹುಟ್ಟಲೆಂದು ಒಂದು ಇಂಜೆಕ್ಷನ್ ಕೊಡುತ್ತಾರೆ.

ತಂಗಿಯ ಮಗಳು ಇಂದ್ರಾಣಿಗೂ ಕೊಟ್ಟಿದ್ದರು. ಹುಟ್ಟಿದ ಹೆಣ್ಣುಕೂಸು ಉಸಿರಾಡಲೇ ಇಲ್ಲ. ಬೆಳಿಗ್ಗೆ ನರ್ಸ್ ಮಮತೆ ಇಳಿಸುವ ಇಂಜೆಕ್ಷನ್ ತಂದಳು.

“ಸಂಜೆಗೆಲ್ಲ ಸರಿಹೋಗುತ್ತಮ್ಮ.”

“ಸಂಜೆಗೆ ನನ್ನ ಮಗಳು ನನಗೆ ಯಾರು?”

“ಯಾರೂ ಅಲ್ಲ. ಇದನ್ನ ಇಳಿಸದಿದ್ರೆ ಇನ್ನೊಂದು ಮಗೂಗೆ ಮಮತೆ ಹತ್ತೋದಿಲ್ಲ, ನೋಡಿ.”

ಇಂದ್ರಾಣಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡು ನನ್ನತ್ತ ತಿರುಗಿದಳು. “ಬೇಡ, ದೊಡ್ಡಮ್ಮ. ಅವಳನ್ನ ನೆನೆಯೋಕೆ ಇರೋಳು ನಾನೊಬ್ಬಳೇ.”

ನರ್ಸ್ ಚೀಟಿಯಲ್ಲಿ ‘ಒಪ್ಪಲಿಲ್ಲ’ ಎಂದು ಬರೆದು ಹೋದಳು.

ಮಗ್ಗುಲಲ್ಲಿ ಮಗುವಿದ್ದವರಿಗೆ ಮಾತ್ರ ಬಾಣಂತಿ ಊಟ ಎಂಬುದು ವಾರ್ಡಿನ ನಿಯಮ. ಮಧ್ಯಾಹ್ನ ಆಯಾ ದ್ಯಾವಮ್ಮ ಬಂದು, ಬಿಸಿ ಅನ್ನ, ಮೆಣಸಿನ ಸಾರಿನ ಬಾಣಂತಿ ತಟ್ಟೆಯನ್ನು ಇಂದ್ರಾಣಿಯ ಕೈಗಿತ್ತಳು.