ಕಿಬ್ಲಾ ಯಾವ ಕಡೆ

ಮಂಗಳ ಗ್ರಹಕ್ಕೆ ವಲಸೆ ಬಂದವರ ಆಸರೆಮನೆಯಲ್ಲಿ ರಾಬಿಯಾ ನಮಾಜಿನ ಚಾಪೆ ಹಿಡಿದು ನಿಂತೇ ಇದ್ದಳು. ಗಂಡ ಹೊಡೆದ ತೋಳು ಊದಿತ್ತು. ಮೆಕ್ಕಾ ಇರುವ ಭೂಮಿ ಇಲ್ಲಿನ ಆಕಾಶದಲ್ಲಿ ಜಾಗ ಬದಲಿಸುತ್ತಿರುತ್ತದೆ. ನಮಾಜಿಗೆ ಮುಖ ಮಾಡಬೇಕಾದ ಆ ದಿಕ್ಕನ್ನು, ಕಿಬ್ಲಾವನ್ನು, ದಿನವೂ ಗಂಡನೇ ಹೇಳುತ್ತಿದ್ದ.

“ಆಪಾ, ಗಂಡನ ಮನಿ ಬಿಟ್ಟಾಕಿಗೆ ಕಿಬ್ಲಾ ಸಿಗಂಗಿಲ್ಲ ಅಂತ ನಮ್ಮ ಮನಿಯವರು ಅಂದಾರ್ರಿ. ಯಾ ಕಡೆ ನಮಾಜು ಮಾಡ್ಲಿ? ತಿರುಗಿ ಹೋಗ್ಲೇನು?”

ಆಸರೆಮನೆ ನೋಡಿಕೊಳ್ಳುವ ತಾಹೇರಾ ಆಪಾ ಅವಳನ್ನು ಕಿಟಕಿಯ ಬಳಿ ಕರೆದೊಯ್ದು, ಸಂಜೆಯ ಆಕಾಶದಲ್ಲಿ ಒಂದು ನೀಲಿ ಚುಕ್ಕಿ ತೋರಿಸಿದರು. “ಅದೇ ಭೂಮಿ, ಬೇಟಿ. ಕಣ್ಣಿದ್ದವರಿಗೆಲ್ಲ ಕಾಣ್ತದ.”

ರಾಬಿಯಾ ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದಳು. ಇಷ್ಟು ಸುಲಭವಿದ್ದದ್ದನ್ನು ಅವನೇಕೆ ಮುಚ್ಚಿಟ್ಟನೋ ತಿಳಿಯಲಿಲ್ಲ.

“ಹಂಗಾದ್ರ ಅವರು ಹೇಳಿದ್ರಾಗ ಖರೆ ಯಾವುದ್ರಿ, ಆಪಾ?”

“ಕೂತು ಒಂದೊಂದೇ ನೋಡೋಣ. ಮೊದಲು ನಮಾಜು ಮಾಡು.”