'ಮೇಲೆ' ಎನ್ನಬಾರದ ಸೊಸೆ

ಮಾವ ಹಗ್ಗ ಜಗ್ಗಿದಷ್ಟೂ ಕುದುರೆಯ ತಲೆ ಪೀಚ್ ಮರದ ಕೊಂಬೆಯತ್ತ ಏರುತ್ತಿತ್ತು. ಕೊಟ್ಟಿಗೆಯ ಕಲ್ಲುಗೋಡೆಯ ಈಚೆ ನಿಂತಿದ್ದ ಸೊಸೆ ಮಾದಿಪುವೊಗೆ ಜೀವ ಬಾಯಿಗೆ ಬಂತು. ಮನೆಗಿದ್ದದ್ದು ಅದೊಂದೇ ಕುದುರೆ, ಅದೂ ಗಬ್ಬ. ಹೊಟ್ಟೆಯಲ್ಲಿ ಮರಿಯ ಜೊತೆಗೆ ಹುಳುಗಳ ಕಾಟ. ಮಾವನ ಕೈಯಲ್ಲಿ ಹುಳುವಿನ ಔಷಧಿಯ ಬಾಟಲಿಯಿತ್ತು.

"ತಲೆ ಮೇಲೆತ್ತಿ ಕುಡಿಸಬೇಡಿ. ಔಷಧಿ ಶ್ವಾಸಕೋಶಕ್ಕೆ ಹೋದ್ರೆ ಕುದುರೆ ಉಳಿಯೋದಿಲ್ಲ" ಎಂದು ದನದ ಡಾಕ್ಟರು ಅವಳಿಗೇ ಹೇಳಿ ಕಳಿಸಿದ್ದರು. ಅದನ್ನು ಮಾವನಿಗೆ ಹೇಳುವುದು ಹೇಗೆ? ಅವನ ಹೆಸರು ಹೊದಿಮೊ. ಲೆಸೊಥೊ ದೇಶದವರ ಮಾತಿನಲ್ಲಿ ಹೊದಿಮೊ ಎಂದರೆ 'ಮೇಲೆ'. ಸೊಸೆಯಾದವಳು ಮಾವನ ಹೆಸರೆತ್ತುವಂತಿಲ್ಲ, ಆ ಮಾತನ್ನೂ ಆಡುವಂತಿಲ್ಲ, ಕೊಟ್ಟಿಗೆಯೊಳಗೆ ಕಾಲಿಡುವಂತೆಯೂ ಇಲ್ಲ. ಒಳ್ಳೇ ಫಜೀತಿ.

"ಅಪ್ಪಾ, ಹಕ್ಕಿಗಳ ಕಡೆಗೆ ಬೇಡ."

ಮಾವ ಮರ ನೋಡಿದ. "ಯಾವ ಹಕ್ಕಿ?"

"ಹಕ್ಕಿ ಅಲ್ಲಪ್ಪಾ. ಕೆಳಗೆ, ಕೆಳಗೆ."

ಅವನು ಕಾಲ ಬುಡ ನೋಡಿಕೊಂಡ. "ಇಲ್ಲೇನೂ ಬಿದ್ದಿಲ್ವಲ್ಲೇ."

"ತಲೆ ಅಪ್ಪಾ, ತಲೆ ಇಳಿಸಿ."

ಪಾಪ, ಮುದುಕ ತನ್ನ ತಲೆಯನ್ನೇ ತಗ್ಗಿಸಿದ. "ನೋಡು, ಟೋಪಿ ಮೇಲೆ ಏನಾದ್ರೂ ಕೂತಿದ್ಯಾ? ಬೆಳಿಗ್ಗೆ ಬೆಳಿಗ್ಗೆ ಏನಾಗಿದೆ ನಿಂಗೆ? ಹಕ್ಕಿ ಅಂತೀಯ, ನೆಲ ಅಂತೀಯ. ಸುಮ್ನೆ ನಿಂತ್ಕೊ, ಔಷಧಿ ಚೆಲ್ಲುತ್ತೆ."

ಬಾಟಲಿಯ ಬಾಯನ್ನು ಕುದುರೆಯ ಬಾಯಂಚಿಗೆ ತುರುಕಿದ. ಒಂದು ಗುಟುಕು ಇಳಿದಿರಬೇಕು, ಕುದುರೆ ಕೆಮ್ಮಿತು. ಮೂಗಿನ ಹೊಳ್ಳೆಯಿಂದ ಬಿಳಿ ಔಷಧಿ ಸೋರಿತು. "ಉಗೀತಾಳೆ ಕಳ್ಳಿ" ಎನ್ನುತ್ತ ಅವನು ಹಗ್ಗವನ್ನು ಮತ್ತೊಂದು ಮೊಳ ಜಗ್ಗಿದ.

"ಹೊದಿಮೊ ಬೇಡ!"

ಹಗ್ಗ ಅವನ ಕೈ ಜಾರಿತು. ಕುದುರೆ ತಲೆ ನೆಲಕ್ಕಿಳಿಸಿ ಇನ್ನಷ್ಟು ಕೆಮ್ಮಿತು, ಸೀನಿತು, ಆಮೇಲೆ ನೆಟ್ಟಗೆ ಉಸಿರಾಡಿತು. ಮಾದಿಪುವೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಮರೆಯಲ್ಲಿ ಕುಸಿದಳು. ಹೆಸರೆತ್ತಿದ ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳು ಆ ಊರಲ್ಲೇ ಇದ್ದವು.

ಗೋಡೆಯ ಆಚೆಯಿಂದ ಮಾವನ ದನಿ ಬಂತು. "ದಿಕ್ಕು ಹೇಳಿದ್ಯೋ, ನನ್ನನ್ನೇ ಕರೆದ್ಯೋ?"

"ಗೊತ್ತಿಲ್ಲಪ್ಪಾ. ನಂಗೇ ಗೊತ್ತಿಲ್ಲ" ಎಂದು ಅಳುತ್ತ ಹೇಳಿದಳು. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.

ಮುದುಕ ಬಾಟಲಿಯನ್ನು ಗೋಡೆಯ ಮೇಲಿಟ್ಟ.

"ನಮ್ಮವ್ವ ಸತ್ತ ಮೇಲೆ ಯಾರೂ ನನ್ನ ಹೆಸರು ಹಿಡಿದು ಗದರಿಸಿಲ್ಲ ಕಣೇ" ಎಂದ. "ಇನ್ನೊಂದ್ಸಲ ಗದರಿಸು."